ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಇಂಗ್ಲೆಂಡ್‌ಗೆ ಬಂದ ಕನ್ನಡಿಗರು ಯಾರಿದ್ದೀರಿ?

ತುಂಗೆಯ_ಮಗಳು (ರೆಡಿಂಗ್)

ಬೆಂಗಳೂರಿನಿಂದ ನೇರ ಲಂಡನ್ನಿಗೆ ಬಂದವರ ಚರ್ಚೆ ಇಲ್ಲಿ ಬೇಕಾದಷ್ಟಿದೆ. ನಮ್ಮದು ಸ್ವಲ್ಪ ಬೇರೆ ಕಥೆ. ಶಿವಮೊಗ್ಗದಿಂದ ನ್ಯೂಜೆರ್ಸಿಗೆ ಹೋಗಿ, ಅಲ್ಲೇ ಗ್ರೀನ್ ಕಾರ್ಡು, ಆಮೇಲೆ ಪೌರತ್ವ, ಮನೆ, ಇಬ್ಬರು ಮಕ್ಕಳು ಎಲ್ಲ ಆಗಿ, ಇನ್ನು ಇಲ್ಲೇ ಮುದುಕರಾಗುವುದು ಅಂದುಕೊಂಡಿದ್ದಾಗ ಕಂಪನಿಯವರು ಇಂಗ್ಲೆಂಡ್ ಆಫೀಸಿಗೆ ಕಳಿಸಿದರು. ಕಾಗದದ ಮೇಲೆ ನಾನೀಗ ಅಮೆರಿಕನ್. ಬೀದಿಯಲ್ಲಿ ನೋಡಿದವರಿಗೆ ಇಂಡಿಯನ್. ಬಾಯಿ ಬಿಟ್ಟರೆ ಎರಡೂ ಅಲ್ಲ ಅನ್ನುವ ಹಾಗೆ ನೋಡುತ್ತಾರೆ.

ಒಂದು ವಿಷಯ ಗಮನಿಸಿದ್ದೇನೆ. ಇಲ್ಲಿ ಸಲೀಸಾಗಿ ಒಗ್ಗಿದ್ದೆಲ್ಲ ಶಿವಮೊಗ್ಗದಲ್ಲಿ ಕಲಿತದ್ದು. ಗೋಡೆಯ ಪ್ಲಗ್ಗಿಗೆ ಸ್ವಿಚ್ಚಿದೆ. ತಾರೀಖು ಬರೆಯುವಾಗ ದಿನ ಮೊದಲು, ತಿಂಗಳು ಆಮೇಲೆ. ಮಕ್ಕಳಿಗೆ ಯೂನಿಫಾರ್ಮು. ಚಹಾ ಅಂದರೆ ಹಾಲು ಹಾಕಿದ ಚಹಾ. ಅಂಗಡಿಯಲ್ಲಿ ಬರೆದಿದ್ದೇ ಬೆಲೆ, ಬಿಲ್ ಕೊಡುವಾಗ ಅದರ ಮೇಲೆ ತೆರಿಗೆ ಅಂತ ಸೇರಿಸುವುದಿಲ್ಲ. ತೊಂದರೆ ಕೊಡುತ್ತಿರುವುದೆಲ್ಲ ಅಮೆರಿಕದಿಂದ ಹೊತ್ತು ತಂದದ್ದು. ಲೈಸೆನ್ಸ್ ಬೇರೆ ಮಾಡಿಸಬೇಕಂತೆ. ಅಲ್ಲಿನ ಕ್ರೆಡಿಟ್ ಸ್ಕೋರ್ ಇಲ್ಲಿ ಕಾಸಿಗೂ ಪ್ರಯೋಜನ ಇಲ್ಲ. ಹೂಡಿಕೆ ಖಾತೆ ತೆರೆಯಲು ಹೋದರೆ ಅಮೆರಿಕದ ಪೌರರಾ ಅಂತ ಒಂದು ಪ್ರಶ್ನೆ, ಹೌದು ಅಂದ ಕೂಡಲೇ ಅರ್ಜಿ ಮುಗಿಯಿತು. ಮಿಕ್ಸಿ ಅಟ್ಟ ಸೇರಿದೆ.

ಬೇರೆಯವರು ಹೇಗೆ ನಿಭಾಯಿಸುತ್ತಿದ್ದೀರಿ? ದಿನನಿತ್ಯದ ಮಾತು ಬೇಕು. ಪ್ರವಾಸಿ ತಾಣದ ಪಟ್ಟಿ ಬೇಡ.

ಹಾಸನದ_ಹುಡುಗ (ಮಿಲ್ಟನ್ ಕೀನ್ಸ್)

ಸ್ವಾಗತ ಅಕ್ಕಾ. ಮೊದಲು ಲೈಸೆನ್ಸ್ ಕೆಲಸಕ್ಕೆ ಕೈ ಹಾಕಿ, ಉಳಿದದ್ದೆಲ್ಲ ಆಮೇಲೆ.

ಇಲ್ಲಿ ವಾಸಕ್ಕೆ ಬಂದ ದಿನದಿಂದ 12 ತಿಂಗಳು ಅಮೆರಿಕದ ಲೈಸೆನ್ಸಿನಲ್ಲಿ ಓಡಿಸಬಹುದು. 12 ತಿಂಗಳು ಮುಗಿಯಿತೋ, ನೀವು ಹೊಸದಾಗಿ ಕಲಿಯುವವರು. ಎಲ್ ಬೋರ್ಡು ಹಚ್ಚಿಕೊಂಡು ಪಕ್ಕದಲ್ಲಿ ಲೈಸೆನ್ಸ್ ಇರುವವರನ್ನು ಕೂರಿಸಿಕೊಳ್ಳಬೇಕು. ಕೆನಡಾ, ಆಸ್ಟ್ರೇಲಿಯಾ, ಜಪಾನ್‌ನವರು ಸುಮ್ನೆ ಅರ್ಜಿ ಹಾಕಿ ಬದಲಾಯಿಸಿಕೊಳ್ಳುತ್ತಾರೆ. ಅಮೆರಿಕದವರಿಗೆ ಆ ಭಾಗ್ಯ ಇಲ್ಲ, ಭಾರತದವರಿಗೂ ಇಲ್ಲ. ಅಂದರೆ ನಿಮ್ಮ ಎರಡು ಲೈಸೆನ್ಸುಗಳೂ ಒಟ್ಟಿಗೆ ಮಲಗುತ್ತವೆ!

ಮೊದಲು ಪ್ರೊವಿಷನಲ್, ಅಂದರೆ ಕಲಿಯುವವರ ಲೈಸೆನ್ಸ್, ತೆಗೆದುಕೊಳ್ಳಿ. ಆಮೇಲೆ ಥಿಯರಿ ಪರೀಕ್ಷೆ, 50 ಪ್ರಶ್ನೆಗೆ 43 ಸರಿ ಇರಬೇಕು. ಅದರ ಜೊತೆಗೇ ವಿಡಿಯೊ ತೋರಿಸುತ್ತಾರೆ, ಅಪಾಯ ಕಂಡ ತಕ್ಷಣ ಕ್ಲಿಕ್ ಮಾಡಬೇಕು, 75ಕ್ಕೆ 44 ಅಂಕ ಬೇಕು. ನಿಜವಾದ ತಲೆನೋವು ರಸ್ತೆ ಪರೀಕ್ಷೆ. ತಾರೀಖು ಸಿಗುವುದೇ ಕಷ್ಟ, ಎಷ್ಟೋ ಊರುಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಅದಕ್ಕೇ ಬಂದ ತಿಂಗಳಲ್ಲೇ ಶುರು ಮಾಡಿ ಅನ್ನುವುದು. ಸುಮಾರು 40 ನಿಮಿಷ ಓಡಿಸಬೇಕು. ಸಣ್ಣ ತಪ್ಪು 15ರವರೆಗೆ ಮಾಫಿ. ದೊಡ್ಡ ತಪ್ಪು ಒಂದಾದರೂ ಫೇಲು.

ಅಮೆರಿಕದಿಂದ ಬಂದವರು ಎಲ್ಲಿ ಸಿಕ್ಕಿಬೀಳುತ್ತಾರೆ ಗೊತ್ತಾ? ಎಡಗಡೆ ಓಡಿಸುವುದು ನಮಗೆ ರಕ್ತದಲ್ಲೇ ಇದೆ, ಅದಲ್ಲ. ಅಲ್ಲಿ ಕೆಂಪು ದೀಪ ಇದ್ದರೂ ನಿಂತು ನೋಡಿ ಬಲಕ್ಕೆ ತಿರುಗುವ ಅಭ್ಯಾಸ ಆಗಿರುತ್ತದೆ. ಇಲ್ಲಿ ಕೆಂಪು ಅಂದರೆ ಕೆಂಪು, ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ. ಎರಡನೆಯದು ರೌಂಡ್‌ಅಬೌಟ್. ನಮ್ಮೂರಂತೂ ಅದಕ್ಕೇ ಹೆಸರುವಾಸಿ. ಇದು ಸಾಲದು ಅಂದರೆ ಸ್ವಿಂಡನ್‌ಗೆ ಹೋಗಿ ಬನ್ನಿ. 1972ರಲ್ಲಿ ಮಾಡಿದ ಮ್ಯಾಜಿಕ್ ರೌಂಡ್‌ಅಬೌಟ್ ಅಂತ ಇದೆ, ಒಂದರ ಸುತ್ತ ಐದು ಪುಟ್ಟ ರೌಂಡ್‌ಅಬೌಟು, ನಡುವಿನದರಲ್ಲಿ ಉಲ್ಟಾ ಸುತ್ತಬೇಕು. ನಮ್ಮ ಸಿಲ್ಕ್ ಬೋರ್ಡಿನಲ್ಲಿ ಓಡಿಸಿದವರಿಗೆ ಅದು ಲೆಕ್ಕಕ್ಕೇ ಇಲ್ಲ ಬಿಡಿ.

ಆಟೊಮ್ಯಾಟಿಕ್‌ನಲ್ಲಿ ಪಾಸಾದರೆ ಆಟೊಮ್ಯಾಟಿಕ್ ಮಾತ್ರ ಓಡಿಸಬಹುದು. ಊರಲ್ಲಿ ಗೇರು ಹಾಕಿ ಕಲಿತ ಕೈ ಇನ್ನೂ ಮರೆತಿಲ್ಲ ಅಂದರೆ ಗೇರಿನ ಕಾರಿನಲ್ಲೇ ಪರೀಕ್ಷೆ ಕೊಡಿ.

ಮಂಗಳೂರು_ಮೀನ್‌ಸಾರು (ಲೀಡ್ಸ್)

ಮಿಕ್ಸಿ ವಿಷಯಕ್ಕೆ ಬರುತ್ತೇನೆ, ಅದು ಮುಖ್ಯ 😀

ಅಮೆರಿಕದಲ್ಲಿ ಕೊಂಡ 110 ವೋಲ್ಟಿನ ಮಿಕ್ಸಿಯನ್ನು ಇಲ್ಲಿ 230ಕ್ಕೆ ಚುಚ್ಚಿದರೆ ಒಂದೇ ಚಟ್ನಿ, ಅದೂ ಮೋಟಾರಿನದ್ದು. ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ 750 ವಾಟ್ ತಡೆಯುವಂಥದ್ದು ಗುಂಡುಕಲ್ಲಿನಷ್ಟು ಭಾರ. ಯಾರಿಗಾದರೂ ಅಮೆರಿಕಕ್ಕೆ ಹೋಗುವವರಿಗೆ ಕೊಟ್ಟುಬಿಡಿ. ಮುಂದಿನ ಸಲ ಊರಿಗೆ ಹೋದಾಗ ಅಲ್ಲಿನ ಮಿಕ್ಸಿಯನ್ನೇ ತನ್ನಿ. ವೋಲ್ಟೇಜೂ ಅದೇ, 50 ಹರ್ಟ್ಜೂ ಅದೇ. ಪ್ಲಗ್ ಮಾತ್ರ ಬದಲಾಯಿಸಬೇಕು. ಇಲ್ಲಿನ ಪ್ಲಗ್ಗಿನೊಳಗೇ ಫ್ಯೂಸ್ ಇರುತ್ತದೆ, 750 ವಾಟಿಗೆ 3 ಆಂಪಿಯರ್ ಸಾಕಾಗುವುದಿಲ್ಲ, 5 ಹಾಕಿಸಿ. ನಮ್ಮ ಅತ್ತೆ ಅದರಲ್ಲೇ ಕೋರಿ ಗಸ್ಸಿಗೆ ತೆಂಗಿನಕಾಯಿ ರುಬ್ಬುತ್ತಾರೆ.

ಬಚ್ಚಲುಮನೆಯಲ್ಲಿ ಪ್ಲಗ್ ಹುಡುಕಬೇಡಿ, ಶೇವರ್ ಚುಚ್ಚುವ ತೂತು ಬಿಟ್ಟು ಬೇರೆ ಇರುವುದಿಲ್ಲ. ಹೇರ್ ಡ್ರೈಯರ್ ಮಲಗುವ ಕೋಣೆಗೆ. ದೀಪಕ್ಕೆ ಹಗ್ಗ ಎಳೆಯಬೇಕು.

ಲೆಕ್ಕದ_ಮೇಷ್ಟ್ರು (ಹ್ಯಾರೋ)

ಎಲ್ಲರೂ ಪ್ಲಗ್ಗು, ರೌಂಡ್‌ಅಬೌಟು ಅಂತ ಮಾತಾಡುತ್ತಿದ್ದೀರಿ. ಮೇಡಂ, ನೀವು ನಿಜವಾಗಿ ನಿದ್ದೆಗೆಡಬೇಕಾದ ವಿಷಯ ತೆರಿಗೆ. ನಾನೂ ಟೆಕ್ಸಸ್‌ನಿಂದ ಬಂದವನು, ನೀಲಿ ಪಾಸ್‌ಪೋರ್ಟಿನವನು. ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಬಹುತೇಕ ಎಲ್ಲ ದೇಶಗಳೂ ನೀವು ಎಲ್ಲಿ ವಾಸ ಇದ್ದೀರಿ ಅಂತ ನೋಡಿ ತೆರಿಗೆ ಹಾಕುತ್ತವೆ. ಅಮೆರಿಕ ಪಾಸ್‌ಪೋರ್ಟ್ ನೋಡಿ ಹಾಕುತ್ತದೆ. ನೀವು ಚಂದ್ರನ ಮೇಲೆ ಇದ್ದರೂ ಪ್ರತಿ ವರ್ಷ ರಿಟರ್ನ್ ಸಲ್ಲಿಸಬೇಕು. ಹೊರದೇಶದಲ್ಲಿ ಇರುವವರಿಗೆ ಜೂನ್ 15ರವರೆಗೆ ಸಮಯ ತಾನಾಗಿಯೇ ಸಿಗುತ್ತದೆ, ಕೇಳಿದರೆ ಅಕ್ಟೋಬರ್‌ವರೆಗೆ. ಸಂಬಳದ ಮೇಲೆ ಅಲ್ಲಿಗೆ ಕಟ್ಟಬೇಕಾಗಿ ಬರುವುದು ಕಡಿಮೆ, ಯಾಕೆಂದರೆ ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿ ಕಳೆದುಕೊಳ್ಳಬಹುದು, ಇಲ್ಲಿನ ದರವೂ ಜಾಸ್ತಿ. ಆದರೆ ಸೊನ್ನೆ ಅಂತ ಬರೆಯಲಿಕ್ಕೂ ಕಾಗದ ತುಂಬಿಸಲೇಬೇಕು.

ಅದರ ಮೇಲೆ ಎಫ್‌ಬಾರ್ ಅಂತ ಇನ್ನೊಂದು ವರದಿ. ಅಮೆರಿಕದ ಹೊರಗಿನ ನಿಮ್ಮ ಎಲ್ಲ ಖಾತೆಗಳ ಮೊತ್ತ ವರ್ಷದಲ್ಲಿ ಯಾವತ್ತಾದರೂ ಒಂದು ದಿನ 10,000 ಡಾಲರ್ ದಾಟಿದರೆ ಎಲ್ಲವನ್ನೂ ತೋರಿಸಬೇಕು. ಎಲ್ಲ ಅಂದರೆ ರೆಡಿಂಗ್‌ನ ಖಾತೆಯೂ ಹೌದು, ಶಿವಮೊಗ್ಗದಲ್ಲಿ ನಿಮ್ಮ ತಾಯಿಯ ಜೊತೆ ಜಂಟಿಯಾಗಿ ಇಟ್ಟ ಖಾತೆಯೂ ಹೌದು. ಇದನ್ನು ಬಹಳ ಜನ ಮರೆಯುತ್ತಾರೆ. ಹೊರದೇಶದಲ್ಲಿ ಇರುವವರು ಊರಿನ ಬ್ಯಾಂಕಿನಲ್ಲಿ ಇಡುವ ಎನ್‌ಆರ್‌ಇ ಎಫ್‌ಡಿ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಅಂತ ಬ್ಯಾಂಕಿನವರು ಹೇಳುತ್ತಾರೆ. ಭಾರತದಲ್ಲಿ ಇಲ್ಲ, ಸರಿ. ಅಮೆರಿಕಕ್ಕೆ ಅದು ಆದಾಯವೇ. ಊರಿನ ಮ್ಯೂಚುವಲ್ ಫಂಡ್ ಇದ್ದರಂತೂ ಹೊರದೇಶದ ಫಂಡುಗಳಿಗೆ ಅಮೆರಿಕ ಹಾಕಿದ ಪಿಎಫ್‌ಐಸಿ ನಿಯಮ ಅಂತ ಒಂದು ಭೂತ ಇದೆ, ಒಂದೊಂದು ಫಂಡಿಗೂ ಬೇರೆ ಬೇರೆ ಫಾರಂ.

ಈಗ ನಿಮ್ಮ ಪ್ರಶ್ನೆ, ಹೂಡಿಕೆ ಖಾತೆ ಯಾಕೆ ಕೊಡಲಿಲ್ಲ ಅಂತ. 2010ರಲ್ಲಿ ಅಮೆರಿಕ ಫ್ಯಾಟ್ಕಾ ಅನ್ನುವ ಕಾನೂನು ಮಾಡಿತು. ಜಗತ್ತಿನ ಬ್ಯಾಂಕುಗಳೆಲ್ಲ ತಮ್ಮಲ್ಲಿರುವ ಅಮೆರಿಕನ್ನರ ಖಾತೆಗಳ ವಿವರ ಕೊಡಬೇಕು. ಈ ಉಸಾಬರಿಯೇ ಬೇಡ ಅಂತ ಹೂಡಿಕೆ ಕಂಪನಿಗಳಲ್ಲಿ ಹಲವು ನಮ್ಮನ್ನು ಸೇರಿಸಿಕೊಳ್ಳುವುದೇ ಇಲ್ಲ. ಸೇರಿಸಿಕೊಂಡರೂ ಸುಖ ಇಲ್ಲ. ಇಲ್ಲಿನವರೆಲ್ಲ ಐಸಾ ಐಸಾ ಅಂತ ಒಂದು ಉಳಿತಾಯ ಖಾತೆಯನ್ನು ಹೊಗಳುತ್ತಾರೆ, ವರ್ಷಕ್ಕೆ 20,000 ಪೌಂಡ್ ಹಾಕಬಹುದು, ಲಾಭಕ್ಕೆ ತೆರಿಗೆ ಇಲ್ಲ ಅಂತ. ಅದು ಬ್ರಿಟನ್ನಿನ ಮಾತು. ಅಮೆರಿಕಕ್ಕೆ ಐಸಾ ಗೊತ್ತೇ ಇಲ್ಲ. ಅದರೊಳಗೆ ಇಲ್ಲಿನ ಫಂಡ್ ಇಟ್ಟಿದ್ದರೆ ಮತ್ತೆ ಅದೇ ಭೂತ. ಆಫೀಸಿನ ಪೆನ್ಶನ್ ಮಾತ್ರ ಎರಡು ದೇಶಗಳ ಒಪ್ಪಂದದಲ್ಲಿ ಬರುತ್ತದೆ, ಅದರಲ್ಲಿ ಧಾರಾಳ ಹಾಕಿ.

ಬೋರಿಸ್ ಜಾನ್ಸನ್ ಕಥೆ ಕೇಳಿದ್ದೀರಾ? 1964ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು, ಹಾಗಾಗಿ ಅಮೆರಿಕದ ಪೌರ. ಚಿಕ್ಕ ಮಗುವಾಗಿದ್ದಾಗಲೇ ಅಲ್ಲಿಂದ ಬಂದರು. ಲಂಡನ್ನಿನ ಮೇಯರ್ ಆಗಿದ್ದಾಗ, ಇಲ್ಲಿನ ಸ್ವಂತ ಮನೆ ಮಾರಿದ್ದಕ್ಕೆ ಅಮೆರಿಕ ತೆರಿಗೆ ಕೇಳಿತು. ಬ್ರಿಟನ್ನಿನಲ್ಲಿ ವಾಸದ ಮನೆ ಮಾರಿದ ಲಾಭಕ್ಕೆ ತೆರಿಗೆ ಇಲ್ಲ. ಅಮೆರಿಕದಲ್ಲಿ ಒಬ್ಬರಿಗೆ 2,50,000 ಡಾಲರ್‌ವರೆಗೆ ಮಾತ್ರ ವಿನಾಯಿತಿ. 2014ರಲ್ಲಿ ಕಟ್ಟುವುದಿಲ್ಲ ಅಂದರು. ಆಮೇಲೆ ಕಟ್ಟಿದರು. 2016ರಲ್ಲಿ ಪೌರತ್ವವನ್ನೇ ಬಿಟ್ಟರು. ಲಂಡನ್ ಮೇಯರನ್ನೇ ಬಿಡಲಿಲ್ಲ, ನಮ್ಮನ್ನು ಬಿಡುತ್ತಾರಾ?

ಇನ್ನು ಪಂಚಾಂಗ. ಅಮೆರಿಕದ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ಭಾರತದ್ದು ಏಪ್ರಿಲ್ 1ರಿಂದ. ಇಲ್ಲಿನದು ಏಪ್ರಿಲ್ 6ರಿಂದ. ಯಾಕೆ 6? ಹಿಂದೆ ಇಲ್ಲಿ ವರ್ಷದ ಲೆಕ್ಕ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. 1752ರಲ್ಲಿ ಕ್ಯಾಲೆಂಡರ್ ಬದಲಾಯಿಸಿ 11 ದಿನ ಹಾರಿಸಿದರು. ತೆರಿಗೆಯವರು ತಮ್ಮ 11 ದಿನ ಬಿಟ್ಟುಕೊಡಲಿಲ್ಲ, ವರ್ಷದ ಮೊದಲ ದಿನವನ್ನೇ ಮುಂದೆ ತಳ್ಳಿದರು. 1800ರಲ್ಲಿ ಇನ್ನೊಂದು ದಿನ ಸೇರಿತು ಅಂತ ಹೇಳುತ್ತಾರೆ. ಬೆಂಗಳೂರಿನ ಮನೆ ಬಾಡಿಗೆ ಬರುತ್ತಿದ್ದರೆ ಅದೊಂದೇ ಬಾಡಿಗೆಯನ್ನು ಮೂರು ಪಂಚಾಂಗದಲ್ಲಿ ಮೂರು ಸಲ ತುಂಡು ಮಾಡಿ, ರೂಪಾಯಿ, ಪೌಂಡ್, ಡಾಲರ್ ಅಂತ ಮೂರು ಕಡೆ ಬರೆಯಬೇಕು.

ಸಾಫ್ಟ್‌ವೇರ್ ನಂಬಿ ಕೂರಬೇಡಿ. ಎರಡೂ ದೇಶದ ತೆರಿಗೆ ಗೊತ್ತಿರುವವರನ್ನು ಹಿಡಿಯಿರಿ. ಫೀಸು ಕೇಳಿ ಎದೆ ಧಸಕ್ ಅನ್ನುತ್ತದೆ. ಆದರೂ ಹಿಡಿಯಿರಿ.

ದಾವಣಗೆರೆ_ಖಾರಮಂಡಕ್ಕಿ (ಸ್ಲೌ)

ಸಾರ್, ಇಷ್ಟೆಲ್ಲ ಓದಿದ ಮೇಲೆ ನನ್ನದೊಂದೇ ಪ್ರಶ್ನೆ. ಯಾಕೆ ಬಂದ್ರಿ? ಅಲ್ಲಿ ಸಂಬಳ ಜಾಸ್ತಿ, ಮನೆ ದೊಡ್ಡದು, ಪೆಟ್ರೋಲ್ ಅಗ್ಗ, 30 ವರ್ಷದ ಸಾಲಕ್ಕೆ ಒಂದೇ ಬಡ್ಡಿ. ಇಲ್ಲಿ ಎರಡು ವರ್ಷಕ್ಕೋ ಐದು ವರ್ಷಕ್ಕೋ ಬಡ್ಡಿ ಮತ್ತೆ ಗೊತ್ತು ಮಾಡಬೇಕು. ಕೌನ್ಸಿಲ್ ಟ್ಯಾಕ್ಸು, ಅಂದರೆ ಇಲ್ಲಿನ ಮನೆ ಕಂದಾಯ, 1991ರಲ್ಲಿ ಮನೆಗೆ ಎಷ್ಟು ಬೆಲೆ ಇತ್ತು ಅಂತ ನೋಡಿ ಹಾಕುತ್ತಾರೆ, ಬಾಡಿಗೆಗೆ ಇದ್ದರೂ ನಾವೇ ಕಟ್ಟಬೇಕು. ಟಿವಿ ನೋಡಲು ಲೈಸೆನ್ಸ್! ಅಡುಗೆಮನೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ನು! ನಾನಾಗಿದ್ದರೆ ಅಮೆರಿಕ ಸಿಕ್ಕಿದ ಮೇಲೆ ಕಾಲು ಕೀಳುತ್ತಿರಲಿಲ್ಲ.

ಮಂಗಳೂರು_ಮೀನ್‌ಸಾರು (ಲೀಡ್ಸ್)

ಅಣ್ಣಾ, ಅಲ್ಲಿ ಕೆಲಸ ಹೋದ ಮನೆ ನೋಡಿದ್ದೀರಾ? ನಾನು ಮಿಷಿಗನ್‌ನಲ್ಲಿದ್ದೆ. ಬೆಳಿಗ್ಗೆ ಕರೆದು ಇವತ್ತೇ ಕೊನೆ ದಿನ ಅನ್ನುತ್ತಾರೆ. ಕೆಲಸದ ಜೊತೆಗೆ ವಿಮೆ ಹೋಗುತ್ತದೆ. ವಿಮೆ ಇದ್ದಾಗಲೂ ಮೊದಲ ಇಷ್ಟು ಸಾವಿರ ನಮ್ಮ ಕೈಯಿಂದ, ಆಮೇಲೆ ಇಷ್ಟು ಪರ್ಸೆಂಟು, ಆ ಡಾಕ್ಟರ್ ನಮ್ಮ ಪಟ್ಟಿಯಲ್ಲಿ ಇಲ್ಲ ಅಂತ ಆರು ತಿಂಗಳ ನಂತರ ಮತ್ತೊಂದು ಬಿಲ್ಲು.

ಇಲ್ಲಿ ಚಿಕಿತ್ಸೆ ಪುಕ್ಕಟೆ ಅಂತ ಯಾರೂ ಹೇಳಬೇಡಿ, ವೀಸಾ ಮಾಡಿಸುವಾಗಲೇ ಅದರ ದುಡ್ಡು ಪೂರ್ತಿ ಕಿತ್ತುಕೊಳ್ಳುತ್ತಾರೆ. ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಗಂಡ ಹೆಂಡತಿ ಇಬ್ಬರು ಮಕ್ಕಳು ಮೂರು ವರ್ಷಕ್ಕೆ ಅಂದರೆ 10,866 ಪೌಂಡ್, ಒಟ್ಟಿಗೇ. ಅದರ ಮೇಲೆ ಸಂಬಳದಲ್ಲಿ ನ್ಯಾಷನಲ್ ಇನ್ಶುರೆನ್ಸ್ ಅಂತ ಕಡಿತ ಬೇರೆ. ಕಂಪನಿ ಕಟ್ಟಿಕೊಟ್ಟರೆ ಪುಣ್ಯ. ಆದರೆ ಒಮ್ಮೆ ಒಳಗೆ ಬಂದ ಮೇಲೆ ಬಿಲ್ಲು ಅನ್ನುವ ಭಯವೇ ಇಲ್ಲ. ಇಂಗ್ಲೆಂಡಿನಲ್ಲಿ ಚೀಟಿಯ ಒಂದೊಂದು ಔಷಧಿಗೆ 9.90 ಪೌಂಡ್, ಅದು ಎಷ್ಟೇ ದುಬಾರಿ ಔಷಧಿ ಆಗಿರಲಿ. ಮಕ್ಕಳಿಗೆ ಅದೂ ಇಲ್ಲ. ವೇಲ್ಸ್, ಸ್ಕಾಟ್ಲೆಂಡ್‌ನಲ್ಲಿ ಯಾರಿಗೂ ಇಲ್ಲ.

ಕಷ್ಟ ಇರುವುದು ಡಾಕ್ಟರ್ ಸಿಗುವುದರಲ್ಲಿ. ನಮ್ಮ ಕಡೆ ಬೆಳಿಗ್ಗೆ ಎಂಟಕ್ಕೆ ಫೋನ್ ಹಚ್ಚಬೇಕು. ಎಂಟು ಗಂಟೆ ಒಂದು ನಿಮಿಷಕ್ಕೆ ನೀವು ಸಾಲಿನಲ್ಲಿ ಇಪ್ಪತ್ತನೆಯವರು. ತಜ್ಞರನ್ನು ನೋಡಬೇಕು ಅಂದರೆ ಮೊದಲು ನೋಡುವ ಸಾಮಾನ್ಯ ಡಾಕ್ಟರ್, ಅಂದರೆ ಜಿಪಿ, ಕೊಟ್ಟ ಚೀಟಿ ಬೇಕು, ಆಮೇಲೆ ತಿಂಗಳುಗಟ್ಟಲೆ ಕಾಯಬೇಕು. ಅಮೆರಿಕದಲ್ಲಿ ಚರ್ಮದ ಡಾಕ್ಟರಿಗೆ ನೇರ ಫೋನ್ ಮಾಡುತ್ತಿದ್ದವರಿಗೆ ಇದು ನುಂಗಲಾರದ ತುತ್ತು. ನಾನು ಹೇಗೋ ನುಂಗಿದೆ, ನನ್ನ ಗಂಡ ಇನ್ನೂ ನುಂಗಿಲ್ಲ.

ರಜೆ ಬಗ್ಗೆ ಯಾರೂ ಬರೆದಿಲ್ಲ ಯಾಕೆ? ಪೂರ್ತಿ ಕೆಲಸ ಮಾಡುವವರಿಗೆ ಹಬ್ಬದ ರಜೆ ಸೇರಿ ವರ್ಷಕ್ಕೆ ಕನಿಷ್ಠ 28 ದಿನ ಸಂಬಳದ ರಜೆ ಕಾನೂನಿನಲ್ಲೇ ಇದೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಎಷ್ಟು? ಸೊನ್ನೆ. ಇಲ್ಲಿ ಆಗಸ್ಟಿನಲ್ಲಿ ಮ್ಯಾನೇಜರೇ ಎರಡು ವಾರ ಕಾಣೆ, ಇಮೇಲ್ ಕೂಡ ನೋಡುವುದಿಲ್ಲ. ನನಗೆ ಮೊದಲು ಗಾಬರಿಯೇ ಆಯಿತು.

ದಾವಣಗೆರೆ_ಖಾರಮಂಡಕ್ಕಿ (ಸ್ಲೌ)

ರಜೆ ಒಪ್ಪಿದೆ. ಸಂಬಳ ಒಪ್ಪುವುದಿಲ್ಲ.

ಒಹಾಯೊ_ಅಳಿಯ (ಕೇಂಬ್ರಿಜ್)

ಇಲ್ಲಿ ಎಲ್ಲರೂ ನಮ್ಮ ಕಡೆಯಿಂದ ಹೋಗಿ ಅಮೆರಿಕನ್ ಆದವರು. ನನ್ನ ಹೆಂಡತಿ ಅಲ್ಲೇ ಹುಟ್ಟಿ ಬೆಳೆದವಳು, ಒಹಾಯೊದ ಒಂದು ಸಣ್ಣ ಊರು. ತುಂಗೆಯ ಮಗಳು ಮೇಡಂ ಬರೆದಿದ್ದನ್ನು ಓದಿ ಹೇಳಿದೆ. ನೀವು ಬಂದಾಗ ನಿಮಗೆ ಹಳೇ ಊರಿನ ವಾಸನೆಯಾದರೂ ಬಂತು, ಅವಳಿಗೆ ಹಾಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಭಾಷೆ ಒಂದೇ ಅಲ್ವಾ, ನಿನಗೇನು ಕಷ್ಟ ಅಂತ ಎಲ್ಲರೂ ಕೇಳುತ್ತಾರೆ. ಅದೇ ಅವಳಿಗೆ ಸಿಟ್ಟು. ನನಗೆ ಇಲ್ಲಿ ಏನಾದರೂ ತಿಳಿಯದಿದ್ದರೆ ಪಾಪ, ಹೊರಗಿನವನು ಅಂತ ಬಿಡಿಸಿ ಹೇಳುತ್ತಾರೆ. ಅವಳಿಗೆ ಯಾರೂ ಹೇಳುವುದಿಲ್ಲ, ಗೊತ್ತಿರಬೇಕು ಅಂದುಕೊಳ್ಳುತ್ತಾರೆ. ಅಪರಿಚಿತರ ಜೊತೆ ನಗುತ್ತಾ ಮಾತಿಗಿಳಿಯುವುದು ಅವಳ ಸ್ವಭಾವ. ರೈಲಿನಲ್ಲಿ ಹಾಗೆ ಮಾಡಿದರೆ ಪಕ್ಕದವರು ಪೇಪರ್ ಎತ್ತಿ ಹಿಡಿಯುತ್ತಾರೆ.

ಅವಳಿಗೆ ತೀರಾ ಕಷ್ಟ ಆಗುವುದು ನವೆಂಬರ್. ಕತ್ತಲೆ ಒಂದು ಕಡೆ. ನಾವಿರುವ ಜಾಗ ಒಹಾಯೊಗಿಂತ ಎಷ್ಟೋ ಉತ್ತರಕ್ಕಿದೆ, ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಇನ್ನೊಂದು ಥ್ಯಾಂಕ್ಸ್‌ಗಿವಿಂಗ್. ನವೆಂಬರ್‌ನ ನಾಲ್ಕನೇ ಗುರುವಾರ ಅವರ ಮನೆಯಲ್ಲಿ ಊರೆಲ್ಲ ಸೇರುತ್ತದೆ, ಇಲ್ಲಿ ಅದು ಬರೀ ಗುರುವಾರ, ಆಫೀಸ್ ಇದೆ, ಮಕ್ಕಳಿಗೆ ಶಾಲೆ ಇದೆ. ಇಡೀ ಟರ್ಕಿ ಕೋಳಿ ಆ ಹೊತ್ತಿಗೆ ಅಂಗಡಿಗೆ ಬಂದಿರುವುದೇ ಅಪರೂಪ, ಎಲ್ಲ ಕ್ರಿಸ್‌ಮಸ್‌ಗೆ. ಕಸಾಯಿಗೆ ಮೊದಲೇ ಹೇಳಿ ತರಿಸುತ್ತೇವೆ. ಇಲ್ಲಿನ ಓವನ್ ಸಣ್ಣದು, ಹಾಗಾಗಿ ಅಳತೆ ಹಿಡಿದು ಹೇಳಬೇಕು. ಹಬ್ಬವನ್ನು ಶನಿವಾರಕ್ಕೆ ಹಾಕುತ್ತೇವೆ. ಯುಗಾದಿಯನ್ನು ನಾವು ವಾರಾಂತ್ಯಕ್ಕೆ ತಳ್ಳುವುದಿಲ್ಲವೇ, ಹಾಗೆ. ಅವಳ ಅಡುಗೆ ಮುಗಿದ ಮೇಲೆ ನಾನು ಪುಳಿಯೋಗರೆ ಕಲಸುತ್ತೇನೆ, ನಮ್ಮ ಮನೆಯ ಥ್ಯಾಂಕ್ಸ್‌ಗಿವಿಂಗ್‌ಗೆ ಬಂದ ಇಂಗ್ಲಿಷರು ಅದೂ ಅಮೆರಿಕದ ಸಂಪ್ರದಾಯ ಅಂದುಕೊಂಡಿದ್ದಾರೆ.

ನಮ್ಮೂರ ಪಕ್ಕ ಮ್ಯಾಡಿಂಗ್ಲಿಯಲ್ಲಿ ಅಮೆರಿಕದ ಸೈನಿಕರ ಸ್ಮಶಾನ ಇದೆ. ಎರಡನೇ ಮಹಾಯುದ್ಧದಲ್ಲಿ ಸತ್ತವರ 3,800ಕ್ಕೂ ಹೆಚ್ಚು ಸಮಾಧಿ, ದೇಹ ಸಿಗದ 5,000ಕ್ಕೂ ಹೆಚ್ಚು ಜನರ ಹೆಸರು ಗೋಡೆಯ ಮೇಲೆ. ಅಧ್ಯಕ್ಷರಾಗಿದ್ದ ಕೆನಡಿ ಅವರ ಅಣ್ಣ ಜೋಸೆಫ್ ಹೆಸರೂ ಇದೆ. ಮೇ ಕೊನೆಯಲ್ಲಿ ಮೆಮೋರಿಯಲ್ ಡೇ ಕಾರ್ಯಕ್ರಮಕ್ಕೆ ಹೋಗುತ್ತೇವೆ. ಸಫೋಕ್‌ನ ಲೇಕನ್‌ಹೀತ್, ಮಿಲ್ಡನ್‌ಹಾಲ್ ವಾಯುನೆಲೆಗಳಲ್ಲಿ ಈಗಲೂ ಅಮೆರಿಕದ ಸೇನೆಯವರಿದ್ದಾರೆ, ಆ ಸಂಸಾರಗಳೆಲ್ಲ ಬರುತ್ತವೆ. ಅವಳು ಅಲ್ಲಿ ಗಂಟೆಗಟ್ಟಲೆ ಮಾತಾಡುತ್ತಾಳೆ. ಯಾರೂ ಪೇಪರ್ ಎತ್ತುವುದಿಲ್ಲ.

ತುಂಗೆಯ_ಮಗಳು (ರೆಡಿಂಗ್)

ಒಹಾಯೊ ಅಳಿಯನವರೇ, ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ಹೇಳಿ. ನನಗೂ ಆ ಗುರುವಾರ ಹೊಟ್ಟೆಯಲ್ಲಿ ಏನೋ ಆಗುತ್ತದೆ, ಟರ್ಕಿ ತಿನ್ನದ ಸಸ್ಯಾಹಾರಿ ನಾನು! ನ್ಯೂಜೆರ್ಸಿಯಲ್ಲಿ ಆ ದಿನ ಕನ್ನಡದವರೆಲ್ಲ ಒಂದೇ ಮನೆಯಲ್ಲಿ ಸೇರಿ ಬಿಸಿಬೇಳೆಭಾತ್ ಮಾಡುತ್ತಿದ್ದೆವು. ಶುಕ್ರವಾರ ಬೆಳಗಿನ ಜಾವ ಟಿವಿ ಕೊಳ್ಳಲು ಸಾಲು. ಆ ಶುಕ್ರವಾರದ ಮಾರಾಟ ಮಾತ್ರ ಇಲ್ಲಿಗೂ ಬಂದಿದೆ ನೋಡಿ, ಊಟ ಬಿಟ್ಟು ವ್ಯಾಪಾರ ತೆಗೆದುಕೊಂಡಿದ್ದಾರೆ.

ಮೇಷ್ಟ್ರೇ, ಅಮ್ಮನ ಜೊತೆಗಿನ ಜಂಟಿ ಖಾತೆ ನಿಮಗೆ ಹೇಗೆ ಗೊತ್ತಾಯಿತು ಅಂತ ಹೆದರಿದೆ.

ಕ್ರೆಡಿಟ್ ಸ್ಕೋರಿಗೆ ಯಾರಾದರೂ ದಾರಿ ಹೇಳಿ.

ಹಾಸನದ_ಹುಡುಗ (ಮಿಲ್ಟನ್ ಕೀನ್ಸ್)

ಅಕ್ಕಾ, ಇದು ಕೇಳಿದರೆ ನಗುತ್ತೀರೋ ಅಳುತ್ತೀರೋ. ಸ್ಕೋರಿಗೆ ಒಳ್ಳೆಯ ಮೊದಲ ಮೆಟ್ಟಿಲು ಮತದಾರರ ಪಟ್ಟಿ. ಅದರಲ್ಲಿ ಹೆಸರಿದ್ದರೆ ವಿಳಾಸ ಖಾತ್ರಿ ಅಂತ ಲೆಕ್ಕ. ಕಾಮನ್‌ವೆಲ್ತ್ ದೇಶದ ಪೌರರು ಇಲ್ಲಿ ವೀಸಾದ ಮೇಲೆ ವಾಸ ಇದ್ದರೂ ಸಾಕು, ಪಟ್ಟಿಗೆ ಸೇರಬಹುದು, ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ಭಾರತ ಕಾಮನ್‌ವೆಲ್ತ್‌ನಲ್ಲಿದೆ. ಅಮೆರಿಕ ಇಲ್ಲ, 1776ರಲ್ಲೇ ಜಗಳ ಮಾಡಿಕೊಂಡು ಹೋಯಿತಲ್ಲ.

ನಮ್ಮ ಮನೆಯಲ್ಲಿ ಹೆಂಡತಿಯದು ಇನ್ನೂ ಭಾರತದ ಪಾಸ್‌ಪೋರ್ಟ್, ನನ್ನದು ಅಮೆರಿಕದ್ದು. 2024ರ ಜುಲೈ ಚುನಾವಣೆಯಲ್ಲಿ ಅವಳು ಹೋಗಿ ಮತ ಹಾಕಿ ಬಂದಳು. ನಾನು ಹೊರಗೆ ಕಾರಿನಲ್ಲಿ ಕೂತಿದ್ದೆ. ಅವಳ ಸ್ಕೋರು ನನ್ನದಕ್ಕಿಂತ ಬೇಗ ಏರಿತು, ಕಾರಿನ ಸಾಲ ಅವಳ ಹೆಸರಿನಲ್ಲೇ ಆಯಿತು. ಕಷ್ಟಪಟ್ಟು ಪ್ರಮಾಣ ಮಾಡಿ, ಬಾವುಟ ಹಿಡಿದು ಫೋಟೊ ತೆಗೆಸಿಕೊಂಡ ನನಗೆ ಪಟ್ಟಿಯಲ್ಲಿ ಜಾಗ ಇಲ್ಲ! ಅಮೆರಿಕದ ಚುನಾವಣೆಗೆ ಮಾತ್ರ ಇಲ್ಲಿಂದಲೇ ಅರ್ಜಿ ಹಾಕಿ ಮತ ಕಳಿಸಬಹುದು, ಕೊನೆಗೆ ಇದ್ದ ರಾಜ್ಯದ ಲೆಕ್ಕದಲ್ಲಿ.

ನಿಮಗೆ ಉಳಿದಿರುವ ದಾರಿ ಇಷ್ಟೇ. ಒಂದು ಕ್ರೆಡಿಟ್ ಕಾರ್ಡ್ ಸಣ್ಣ ಮಿತಿಯದ್ದು ತೆಗೆದುಕೊಳ್ಳಿ, ಪ್ರತಿ ತಿಂಗಳು ಪೂರ್ತಿ ಕಟ್ಟಿ. ಫೋನ್, ಕರೆಂಟು ಬಿಲ್ಲು ನಿಮ್ಮ ಹೆಸರಿನಲ್ಲಿರಲಿ. ಪದೇ ಪದೇ ಮನೆ ಬದಲಾಯಿಸಬೇಡಿ.

ಕಾವೇರಿ_ಕಾಫಿ (ಬ್ರಿಸ್ಟಲ್)

ಮಕ್ಕಳ ವಿಷಯ ನಾನು ಸೇರಿಸುತ್ತೇನೆ. ಶಾಲೆ ಬೇಗ ಶುರು, ನಾಲ್ಕು ತುಂಬಿದ ಸೆಪ್ಟೆಂಬರ್‌ಗೇ ರಿಸೆಪ್ಷನ್ ತರಗತಿ. ಅಮೆರಿಕದಲ್ಲಿ ಐದಕ್ಕೆ ಕಿಂಡರ್‌ಗಾರ್ಟನ್ ಅಂತ ನೆಮ್ಮದಿಯಾಗಿದ್ದವರಿಗೆ ಮಗು ಇದ್ದಕ್ಕಿದ್ದಂತೆ ಒಂದು ವರ್ಷ ಮುಂದೆ ಹೋದ ಹಾಗೆ.

ನಿಜವಾದ ಪೆಟ್ಟು ಬೇಸಿಗೆ ರಜೆ. ಅಲ್ಲಿ ಜೂನ್‌ನಿಂದ ಆಗಸ್ಟ್ ಕೊನೆವರೆಗೂ ಇತ್ತು, ಮಕ್ಕಳನ್ನು ಮಡಿಕೇರಿಯಲ್ಲಿ ಅಜ್ಜಿ ಮನೆಯಲ್ಲಿ ಬಿಟ್ಟರೆ ಅವು ಕೊಡವ ತಕ್ಕ್ ಕಲಿತು ಬರುತ್ತಿದ್ದವು. ಇಲ್ಲಿ ಆರು ವಾರ, ಅದೂ ಜುಲೈ ಕೊನೆಯಿಂದ, ಮಡಿಕೇರಿಯಲ್ಲಿ ಸುರಿಯುವ ಮಳೆ ಹೊತ್ತಿಗೆ ಸರಿಯಾಗಿ. ಟಿಕೆಟ್ ದರ ಆಕಾಶಕ್ಕೆ. ಒಂದು ವಾರ ಮುಂಚೆ ಹೊರಡೋಣ ಅಂದರೆ ದಂಡ. ಅನುಮತಿ ಇಲ್ಲದೆ ಐದು ದಿನ ತಪ್ಪಿಸಿದರೆ ಒಂದು ಮಗುವಿಗೆ ತಂದೆಗೆ 80 ಪೌಂಡ್, ತಾಯಿಗೆ 80 ಪೌಂಡ್, 21 ದಿನದೊಳಗೆ ಕಟ್ಟದಿದ್ದರೆ 160. ಟಿಕೆಟ್ಟಿನಲ್ಲಿ ಉಳಿಯುವುದು ಅದಕ್ಕಿಂತ ಜಾಸ್ತಿ ಅಂತ ಲೆಕ್ಕ ಹಾಕಿ ಬೇಕಂತಲೇ ದಂಡ ಕಟ್ಟುವವರಿದ್ದಾರೆ. ಮೂರು ವರ್ಷದಲ್ಲಿ ಮೂರನೇ ಸಲ ಆದರೆ ಕೋರ್ಟಿಗೂ ಹೋಗಬಹುದು, ಹುಷಾರು.

ಇಲ್ಲಿ ಮಗು ಆಗುವವರಿಗೂ ಒಂದು ಮಾತು. ಅಪ್ಪ ಅಮ್ಮ ಇಬ್ಬರೂ ವೀಸಾದಲ್ಲಿದ್ದರೆ ಇಲ್ಲಿ ಹುಟ್ಟಿದ ಮಗು ಬ್ರಿಟಿಷ್ ಆಗುವುದಿಲ್ಲ. ಅಮೆರಿಕದಲ್ಲಿ ಹುಟ್ಟಿದರೆ ಸಾಕು ಅನ್ನುವ ಲೆಕ್ಕ ಇಲ್ಲಿಲ್ಲ. ಇನ್ನು ಮಗುವಿಗೆ ಅಮೆರಿಕದ ಪೌರತ್ವ ಬೇಕು ಅಂದರೆ, ಅಪ್ಪ ಅಮ್ಮನಲ್ಲಿ ಒಬ್ಬರೇ ಅಮೆರಿಕದ ಪೌರರಾಗಿದ್ದರೆ, ಅವರು ಮಗು ಹುಟ್ಟುವ ಮೊದಲು ಅಲ್ಲಿ ಒಟ್ಟು ಐದು ವರ್ಷ ಇದ್ದದ್ದಕ್ಕೆ ದಾಖಲೆ ತೋರಿಸಬೇಕು, ಅದರಲ್ಲಿ ಎರಡು ವರ್ಷ 14 ತುಂಬಿದ ಮೇಲಿನದ್ದು. ಹಳೇ ಸಂಬಳದ ಚೀಟಿ, ಕಾಲೇಜಿನ ಅಂಕಪಟ್ಟಿ ಬಿಸಾಡಬೇಡಿ.

ಲೆಕ್ಕದ_ಮೇಷ್ಟ್ರು (ಹ್ಯಾರೋ)

ಅದಕ್ಕೆ ಲಂಡನ್ನಿನ ಅಮೆರಿಕದ ರಾಯಭಾರ ಕಚೇರಿಗೇ ಹೋಗಬೇಕು. ಮೇಫೇರ್‌ನ ಗ್ರೋವ್‌ನರ್ ಸ್ಕ್ವೇರ್‌ಗೆ ಹೋಗಬೇಡಿ, 2018ರ ಜನವರಿಯಲ್ಲಿ ಅದು ತೇಮ್ಸ್ ದಾಟಿ ನೈನ್ ಎಲ್ಮ್ಸ್‌ಗೆ ಬಂತು. ಲ್ಯಾಪ್‌ಟಾಪ್ ಒಯ್ಯಬೇಡಿ, ಒಳಗೆ ಬಿಡುವುದಿಲ್ಲ.

ಕೆಲಸ ಮುಗಿದ ಮೇಲೆ ನದಿ ಪಕ್ಕದಲ್ಲೇ ವಾಕ್ಸಾಲ್ ದಾಟಿ ಲ್ಯಾಂಬೆತ್ ಕಡೆಗೆ ನಡೆಯಿರಿ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣನ ಪುತ್ಥಳಿ ಇದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಕಡೆಯ ನೀರಜ್ ಪಾಟೀಲರು ಓಡಾಡಿ ಮಾಡಿಸಿದ್ದು, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಅಮೆರಿಕದ ಪಾಸ್‌ಪೋರ್ಟ್ ನವೀಕರಿಸಲು ಹೋದವನು ಅಲ್ಲಿ ಕೂತು ಚಪಾತಿ ರೋಲ್ ತಿಂದಿದ್ದೇನೆ. ‘ಇವನಾರವ ಇವನಾರವ’ ನೆನಪಾಯಿತು. ಮೂರು ದೇಶದ ತೆರಿಗೆಯವರೂ ನನ್ನನ್ನು ‘ಇವ ನಮ್ಮವ’ ಅನ್ನುತ್ತಾರೆ, ಅದರಲ್ಲಿ ಕೊರತೆ ಇಲ್ಲ.

ದಾವಣಗೆರೆ_ಖಾರಮಂಡಕ್ಕಿ (ಸ್ಲೌ)

😂😂 ಮೇಷ್ಟ್ರೇ, ಇದಕ್ಕೆ ಒಂದು ಪ್ಲೇಟ್ ಮಂಡಕ್ಕಿ ನನ್ನ ಕಡೆಯಿಂದ.

ತುಂಗೆಯ_ಮಗಳು (ರೆಡಿಂಗ್)

ಒಂದು ಕೊನೆ ಪ್ರಶ್ನೆ. ದೊಡ್ಡವನಿಗೆ ಈಗ 14. ಇಲ್ಲೇ ಕಾಲೇಜು ಅಂದರೆ ಇಲ್ಲಿನವರ ಫೀಸು ಸಿಗುತ್ತದಾ, ಹೊರದೇಶದವರ ಫೀಸಾ? ಅಮೆರಿಕದಲ್ಲಿ ಒಂದು ರಾಜ್ಯದಲ್ಲಿ ಒಂದು ವರ್ಷ ಇದ್ದರೆ ಸಾಮಾನ್ಯವಾಗಿ ಆ ರಾಜ್ಯದ ಫೀಸು ಸಿಗುತ್ತಿತ್ತು.

ಕಾವೇರಿ_ಕಾಫಿ (ಬ್ರಿಸ್ಟಲ್)

ಇಲ್ಲಿ ವಾಸ ಇದ್ದರೆ ಮಾತ್ರ ಸಾಲದು. ಕೋರ್ಸ್ ಶುರುವಾಗುವ ಹೊತ್ತಿಗೆ ಅವನಿಗೆ ಕಾಯಂ ವಾಸದ ಹಕ್ಕು ಕೈಯಲ್ಲಿರಬೇಕು, ಮತ್ತೆ ಅದಕ್ಕೆ ಹಿಂದಿನ ಮೂರು ವರ್ಷ ಇಲ್ಲೇ ಇದ್ದಿರಬೇಕು. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಶುರುವಾಗುವ ಕೋರ್ಸಿಗೆ ಸೆಪ್ಟೆಂಬರ್ 1 ಲೆಕ್ಕ. ಇಲ್ಲಿನವರಿಗೆ 2025-26ರಲ್ಲಿ ವರ್ಷಕ್ಕೆ ಹೆಚ್ಚೆಂದರೆ 9,535 ಪೌಂಡ್. ಹೊರಗಿನವರಿಗೆ ಅದರ ಎರಡು ಮೂರು ಪಟ್ಟು, ಕೆಲವು ಕಡೆ ಇನ್ನೂ ಜಾಸ್ತಿ.

ಸ್ಕಿಲ್ಡ್ ವರ್ಕರ್ ವೀಸಾ ಆದರೆ ಕಾಯಂ ಹಕ್ಕಿಗೆ ಐದು ವರ್ಷ ಅಂತ ಇತ್ತು. ಅದನ್ನು ಹತ್ತಕ್ಕೆ ಏರಿಸುವ ಮಾತು 2025ರ ಮೇ ತಿಂಗಳ ಸರ್ಕಾರದ ಶ್ವೇತಪತ್ರದಲ್ಲಿ ಬಂದಿದೆ. ನಿಮ್ಮದು ಕಂಪನಿ ವರ್ಗಾವಣೆ ವೀಸಾ ಅಂದರೆ ಇನ್ನೂ ಮುಖ್ಯ, ಆ ವೀಸಾದಲ್ಲಿ ನೇರವಾಗಿ ಕಾಯಂ ಹಕ್ಕಿಗೆ ದಾರಿಯೇ ಇಲ್ಲ. ಯಾವ ವೀಸಾ ಅಂತ ಮೊದಲು ನೋಡಿ ಇಲ್ಲಿ ಹಾಕಿ, ಆಮೇಲೆ ಕೂತು ವರ್ಷ ಎಣಿಸೋಣ.